ಬೆಳಕು, ಸಾರಜನಕ ಮತ್ತು ಗದ್ದೆಯ ನೀಲಿ-ಹಸಿರು ಪಾಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಬ್ರಹ್ಮಾವರ, ಮೂಲ್ಕಿ, ಬಂಟ್ವಾಳದ ಕಡೆಯ ಕೃಷಿಕರು ಕೇಳುವ ಪ್ರಶ್ನೆಗಳನ್ನೂ ಪದವಿ ತರಗತಿಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೇ ಇಟ್ಟಿದ್ದೇನೆ. ಕೃಷಿಕರಿಗೆ ಬೇಕಾದದ್ದು ಗೊಬ್ಬರದ ಲೆಕ್ಕ, ವಿದ್ಯಾರ್ಥಿಗಳಿಗೆ ಬೇಕಾದದ್ದು ಕೋಶದ ಒಳಗಿನ ಕತೆ. ಬೇರೆ ಬೇರೆ ಪುಟ ಮಾಡಲು ಮನಸ್ಸಾಗಲಿಲ್ಲ. ಕೋಶದ ಒಳಗೆ ಬೆಳಕು ಏನು ಮಾಡುತ್ತದೆ ಎಂದು ತಿಳಿಯದೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಯ ಕಾಲ) ಈ ಪಾಚಿ ಯಾಕೆ ಸೋಮಾರಿಯಾಗುತ್ತದೆ ಎಂದು ಹೇಳಲು ಬರುವುದಿಲ್ಲ.

ಬೈಲುಗದ್ದೆಯ ನಿಂತ ನೀರಿನಲ್ಲಿ ತೇಲುವ ನೀಲಿ-ಹಸಿರು ಪದರ ಏನು?

ಹೆಚ್ಚಾಗಿ ಅದು ಸೈನೋಬ್ಯಾಕ್ಟೀರಿಯಾ. ನೋಡಲು ಹಾವಸೆಯಂತಿದ್ದರೂ ಬ್ಯಾಕ್ಟೀರಿಯಾದ ಗುಂಪಿಗೆ ಸೇರಿದ ಜೀವಿ. ಗಿಡಗಳಂತೆಯೇ ನೀರನ್ನು ಒಡೆದು ಆಮ್ಲಜನಕ ಬಿಡುತ್ತಾ ದ್ಯುತಿಸಂಶ್ಲೇಷಣೆ ಮಾಡುತ್ತದೆ. ನಮ್ಮ ಗದ್ದೆಗಳಲ್ಲಿ ನಾಸ್ಟಾಕ್, ಅನಬೀನ, ಆಸಿಲಟೋರಿಯ, ಸೈಟೋನೀಮ ಮೊದಲಾದವು ಸಿಗುತ್ತವೆ. ಎಳೆದರೆ ನೂಲಿನಂತೆ ಬರುವ, ಬಣ್ಣದಲ್ಲಿ ಅಪ್ಪಟ ಹಸಿರಾಗಿರುವ ಪಾಚಿ ಬೇರೆ. ಅದು ಹಸಿರು ಶೈವಲ, ಗಾಳಿಯ ಸಾರಜನಕವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ.

ಗೊಬ್ಬರ ಹಾಕದ ಗದ್ದೆಯಲ್ಲೂ ವರ್ಷ ವರ್ಷ ಒಂದಿಷ್ಟು ಭತ್ತ ಯಾಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಬೆನ್ನುಹತ್ತಿದವರು ಪಿ.ಕೆ. ಡೇ. ಗದ್ದೆಯ ಸಾರಜನಕದ ಮುಖ್ಯ ಮೂಲ ಈ ಜೀವಿಗಳೇ ಎಂದು ಅವರು 1939ರಲ್ಲಿ ಪ್ರಕಟಿಸಿದರು. ಆಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆರ್.ಎನ್. ಸಿಂಗ್, ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಜಿ.ಎಸ್. ವೆಂಕಟರಾಮನ್ ಈ ಕೆಲಸವನ್ನು ರೈತರ ಗದ್ದೆಯವರೆಗೆ ತಂದರು. ಈ ವಿಷಯದಲ್ಲಿ ಭಾರತದ ಪಾಲು ಬಹಳ ದೊಡ್ಡದು. ನಮ್ಮ ಪಠ್ಯಪುಸ್ತಕಗಳು ಅದಕ್ಕೆ ಇನ್ನೂ ಹೆಚ್ಚು ಜಾಗ ಕೊಡಬೇಕು.

ಸಾರಜನಕ ಹಿಡಿಯಲು ಬೆಳಕು ಯಾಕೆ ಬೇಕು?

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದಕ್ಕೊಂದು ಅಂಟಿಕೊಂಡಿವೆ. ಅದನ್ನು ಒಡೆಯಲು ಪಣಂಬೂರಿನಂಥ ಕಡೆ ಕಾರ್ಖಾನೆಯೇ ಬೇಕು: 400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ, ವಾತಾವರಣದ ನೂರು ಪಟ್ಟಿಗೂ ಮಿಕ್ಕಿದ ಒತ್ತಡ. ಇದೇ ಕೆಲಸವನ್ನು ನೈಟ್ರೋಜಿನೇಸ್ ಎಂಬ ಕಿಣ್ವ ಗದ್ದೆಯ ನೀರಿನ ಬೆಚ್ಚಗಿನ ತಾಪದಲ್ಲೇ ಮಾಡುತ್ತದೆ. ಅದು ಪುಕ್ಕಟೆಯಲ್ಲ. ಸಾರಜನಕದ ಒಂದು ಅಣುವಿನಿಂದ ಎರಡು ಅಮೋನಿಯ ಮಾಡಲು ಕಡಿಮೆಯೆಂದರೂ 16 ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಮತ್ತು 8 ಎಲೆಕ್ಟ್ರಾನ್ ಖರ್ಚು. ಆ ಎಂಟರಲ್ಲಿ ಎರಡು ಎಲೆಕ್ಟ್ರಾನ್ ಜಲಜನಕ ಅನಿಲವಾಗಿ ಹೊರಟುಹೋಗುತ್ತವೆ. ಅದನ್ನೂ ಬಿಡದೆ ಹಿಡಿದು ಮತ್ತೆ ಬಳಸುವ ಕಿಣ್ವ ಹಲವು ಸೈನೋಬ್ಯಾಕ್ಟೀರಿಯಾದಲ್ಲಿದೆ.

ಎಟಿಪಿಯೂ ಎಲೆಕ್ಟ್ರಾನೂ ಮೂಲದಲ್ಲಿ ಬರುವುದು ಬೆಳಕಿನಿಂದ. ಇಷ್ಟು ಹೇಳಿ ಉತ್ತರ ಮುಗಿಸುವವರೇ ಹೆಚ್ಚು. ಬೆಳಕು ಇಲ್ಲಿ ಇನ್ನೂ ಎರಡು ಕೆಲಸ ಮಾಡುತ್ತದೆ. ಆಮ್ಲಜನಕ ಹುಟ್ಟಿಸಿ ಇದೇ ಕಿಣ್ವಕ್ಕೆ ಅಪಾಯ ತರುತ್ತದೆ. ಕೋಶದಲ್ಲಿ ಇಂಗಾಲದ ಸಂಗ್ರಹವನ್ನು ಏರಿಸಿ, ಇಳಿಸಿ, ಸಾರಜನಕ ಈಗ ಬೇಕೋ ಬೇಡವೋ ಎಂಬ ಸುದ್ದಿಯನ್ನೂ ಮುಟ್ಟಿಸುತ್ತದೆ. ಮುಂದಿನ ಉತ್ತರಗಳೆಲ್ಲ ಈ ಎರಡರ ಸುತ್ತಲೇ ಇವೆ.

ಆಮ್ಲಜನಕ ತಾಗಿದರೆ ನೈಟ್ರೋಜಿನೇಸ್ ಕೆಡುತ್ತದಂತೆ. ಆಮ್ಲಜನಕ ಬಿಡುವ ಜೀವಿ ಅದನ್ನು ಹೇಗೆ ಇಟ್ಟುಕೊಂಡಿದೆ?

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ನೈಟ್ರೋಜಿನೇಸಿನ ಕಬ್ಬಿಣ-ಗಂಧಕದ ಗೊಂಚಲುಗಳು ಆಮ್ಲಜನಕ ತಾಗಿದರೆ ಹಾಳಾಗುತ್ತವೆ, ಮತ್ತೆ ಸರಿಯಾಗುವುದಿಲ್ಲ. ಹಾಗಾಗಿ ಬೆಳಕಿನ ಲಾಭ ಬೇಕು, ಬೆಳಕಿನಿಂದ ಹುಟ್ಟುವ ಆಮ್ಲಜನಕ ಬೇಡ.

ಅನಬೀನ, ನಾಸ್ಟಾಕ್‌ನಂಥವು ಸರಪಳಿಯ ರೂಪದಲ್ಲಿ ಬೆಳೆಯುತ್ತವೆ. ನೀರಿನಲ್ಲಿ ಅಮೋನಿಯವಾಗಲಿ ನೈಟ್ರೇಟ್ ಆಗಲಿ ಇಲ್ಲದಾಗ ಸರಪಳಿಯ ಸುಮಾರು 10ರಿಂದ 20 ಕೋಶಗಳಿಗೊಂದರಂತೆ ಕೆಲವು ಕೋಶಗಳು ರೂಪ ಬದಲಿಸಿ ಹೆಟರೋಸಿಸ್ಟ್ ಆಗುತ್ತವೆ. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಹಿಡಿಯುವ ಕೆಲಸ. ಹೊರಗೆ ಗ್ಲೈಕೋಲಿಪಿಡ್ ಮತ್ತು ಪಾಲಿಸ್ಯಾಕರೈಡ್ ಪದರಗಳು ಬಂದು ಗಾಳಿ ಒಳನುಗ್ಗುವುದನ್ನು ತಡೆಯುತ್ತವೆ. ಪಕ್ಕದ ಕೋಶದ ಕಡೆಗಿರುವ ಸಂದು ಕಿರಿದಾಗುತ್ತದೆ. ಹೇಗೋ ಒಳಬಂದ ಆಮ್ಲಜನಕವನ್ನು ಉಸಿರಾಟದ ಕಿಣ್ವಗಳು ಕೂಡಲೇ ಬಳಸಿ ಮುಗಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಬೆಳಕಿಗೆ ಸಂಬಂಧಿಸಿದ್ದು. ಬೆಳಕು ಬಳಸಿ ಎಲೆಕ್ಟ್ರಾನ್ ಸಾಗಿಸುವ ಎರಡು ಪ್ರೊಟೀನ್ ಯಂತ್ರಗಳಲ್ಲಿ, ನೀರನ್ನು ಒಡೆದು ಆಮ್ಲಜನಕ ಬಿಡುವ ಫೋಟೋಸಿಸ್ಟಮ್-2ರ ಕೆಲಸ ಹೆಟರೋಸಿಸ್ಟಿನಲ್ಲಿ ನಿಲ್ಲುತ್ತದೆ. ಫೋಟೋಸಿಸ್ಟಮ್-1 ಉಳಿಯುತ್ತದೆ. ಅದು ಎಲೆಕ್ಟ್ರಾನನ್ನು ಸುತ್ತು ಹಾಕಿಸಿ, ಆಮ್ಲಜನಕ ಬಿಡದೆಯೇ ಎಟಿಪಿ ಮಾಡಿಕೊಡುತ್ತದೆ. ಎಲೆಕ್ಟ್ರಾನಿನ ಮೂಲ ಮಾತ್ರ ಪಕ್ಕದ ಮಾಮೂಲಿ ಕೋಶಗಳು ಹಗಲಲ್ಲಿ ಮಾಡಿದ ಸಕ್ಕರೆ. ಹೆಟರೋಸಿಸ್ಟ್ ಆ ಸಕ್ಕರೆಯನ್ನು ಒಡೆದು ಫೆರಿಡಾಕ್ಸಿನ್ ಎಂಬ ಎಲೆಕ್ಟ್ರಾನ್ ಹೊರುವ ಪ್ರೊಟೀನಿನ ಮೂಲಕ ನೈಟ್ರೋಜಿನೇಸಿಗೆ ಎಲೆಕ್ಟ್ರಾನ್ ಕೊಡುತ್ತದೆ. ಬದಲಿಗೆ ಗ್ಲುಟಮಿನ್ ಮೊದಲಾದ ಸಾರಜನಕದ ಸರಕನ್ನು ನೆರೆಯ ಕೋಶಗಳಿಗೆ ಕಳಿಸುತ್ತದೆ. ಕೊಡುವುದೂ ಪಡೆಯುವುದೂ ಹೀಗೆ ನಡೆಯುತ್ತಿರುತ್ತದೆ, ಆದರೆ ಹೆಟರೋಸಿಸ್ಟ್ ಮತ್ತೆಂದೂ ಮಾಮೂಲಿ ಕೋಶವಾಗುವುದಿಲ್ಲ, ವಿಭಜನೆಯೂ ಆಗುವುದಿಲ್ಲ.

ಹೆಟರೋಸಿಸ್ಟಿಗೆ ನೇರವಾಗಿ ಬೆಳಕು ಬೇಕು ಎಂದು ತೋರಿಸುವುದು ಹೇಗೆ? ಸಕ್ಕರೆಯೊಂದೇ ಸಾಕಾಗಬಾರದೇ?

ಡಿಸಿಎಂಯು ಎಂಬ ವಸ್ತು ಇದಕ್ಕೆ ಒದಗಿಬಂತು. ಡೈಯುರಾನ್ ಎಂಬ ಹೆಸರಿನಲ್ಲಿ ಕಳೆನಾಶಕವಾಗಿ ಮಾರುವುದು ಇದನ್ನೇ. ಇದು ಫೋಟೋಸಿಸ್ಟಮ್-2ನ್ನು ಮಾತ್ರ ತಡೆಯುತ್ತದೆ. ಇದನ್ನು ಹಾಕಿ ಬೆಳಕಿನಲ್ಲಿಟ್ಟರೆ ಇಂಗಾಲದ ಡೈಆಕ್ಸೈಡ್ ಹಿಡಿಯುವುದು ಕೂಡಲೇ ನಿಲ್ಲುತ್ತದೆ, ಸಾರಜನಕ ಹಿಡಿಯುವುದು ಮಾತ್ರ ಸ್ವಲ್ಪ ಕಾಲ ಮುಂದುವರಿಯುತ್ತದೆ. ಕೂಡಿಟ್ಟ ಸಕ್ಕರೆ ಮುಗಿದ ಮೇಲೆ ಅದೂ ಇಳಿಯುತ್ತದೆ. ಕತ್ತಲಲ್ಲಿಟ್ಟರೆ ಸಕ್ಕರೆ ಇದ್ದರೂ ವೇಗ ಬಹಳ ಕಡಿಮೆ, ಏಕೆಂದರೆ ಉಸಿರಾಟವೊಂದರಿಂದ ಅಷ್ಟು ಎಟಿಪಿ ಹುಟ್ಟುವುದಿಲ್ಲ. ಎಟಿಪಿಗೆ ಈ ಕ್ಷಣದ ಬೆಳಕು, ಎಲೆಕ್ಟ್ರಾನಿಗೆ ಆಗಲೇ ಸಕ್ಕರೆಯಾಗಿರುವ ಬೆಳಕು, ಎರಡೂ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ಸಾರಜನಕ ಹಿಡಿಯುವ ಜಾಗ ಹೆಟರೋಸಿಸ್ಟೇ ಇರಬಹುದೇ ಎಂದು ಫೇ, ಸ್ಟೂವರ್ಟ್, ವಾಲ್ಸ್‌ಬಿ ಮತ್ತು ಫಾಗ್ ಕೇಳಿದ್ದು 1968ರಲ್ಲಿ. ಅಲ್ಲಿಯವರೆಗೆ ಅದು ಏನಕ್ಕೆ ಎಂಬುದೇ ದೊಡ್ಡ ಚರ್ಚೆಯಾಗಿತ್ತು.

ಹೆಟರೋಸಿಸ್ಟ್ ಇಲ್ಲದವು ಏನು ಮಾಡುತ್ತವೆ?

ಹಲವು ಏಕಕೋಶ ಜಾತಿಗಳು ಹೊತ್ತು ಹಂಚಿಕೊಂಡಿವೆ. ಕಡಲಿನ ಕ್ರೊಕೊಸ್ಫೀರಾ ಹಗಲಲ್ಲಿ ದ್ಯುತಿಸಂಶ್ಲೇಷಣೆ ಮಾಡಿ ಗ್ಲೈಕೋಜನ್ ಕೂಡಿಡುತ್ತದೆ, ರಾತ್ರಿ ಅದನ್ನು ಉರಿಸಿ ಸಾರಜನಕ ಹಿಡಿಯುತ್ತದೆ. ಆ ಉರಿಯುವಿಕೆಯಲ್ಲೇ ಕೋಶದೊಳಗಿನ ಆಮ್ಲಜನಕವೂ ಖಾಲಿಯಾಗುತ್ತದೆ. ಸಮುದ್ರದಲ್ಲಿ ಕಬ್ಬಿಣಕ್ಕೆ ಬಹಳ ಬರ. ಹಾಗಾಗಿ ಇದು ರಾತ್ರಿಯ ಕಿಣ್ವಗಳನ್ನು ಬೆಳಿಗ್ಗೆ ಕಳಚಿ, ಅದೇ ಕಬ್ಬಿಣವನ್ನು ಹಗಲಿನ ದ್ಯುತಿಸಂಶ್ಲೇಷಣೆಗೆ ಬಳಸಿ, ಸಂಜೆ ಮತ್ತೆ ತಿರುಗಿಸುತ್ತದೆ ಎಂದು 2011ರಲ್ಲಿ ತಿಳಿದುಬಂತು. ದಿನಾ ಕಳಚಿ ದಿನಾ ಕಟ್ಟುವ ಈ ಶ್ರಮವನ್ನು ಓದಿದಾಗ ಬೆರಗಾಗದೆ ಇರಲು ಸಾಧ್ಯವಿಲ್ಲ.

ಕಡಲಿನದ್ದೇ ಆದ ಟ್ರೈಕೊಡೆಸ್ಮಿಯಂ ಇದಕ್ಕೆ ವಿರುದ್ಧ. ಹೆಟರೋಸಿಸ್ಟ್ ಇಲ್ಲ, ಆದರೂ ಹಾಡಹಗಲೇ, ಅದೂ ನಡುಹಗಲಿನ ಹೊತ್ತಿಗೆ ಅತಿ ಹೆಚ್ಚು ಸಾರಜನಕ ಹಿಡಿಯುತ್ತದೆ. ಆ ಹೊತ್ತಿಗೆ ಆಮ್ಲಜನಕ ಬಿಡುವುದನ್ನು ತಾತ್ಕಾಲಿಕವಾಗಿ ತಗ್ಗಿಸಿಕೊಳ್ಳುತ್ತದೆ.

ಇನ್ನೊಂದು ಜಾತಿ, ಯುಸಿವೈಎನ್-ಎ, ಫೋಟೋಸಿಸ್ಟಮ್-2ನ್ನೇ ಪೂರ್ತಿ ಕಳೆದುಕೊಂಡು ಒಂದು ಕಡಲ ಶೈವಲದೊಳಗೆ ಸೇರಿಕೊಂಡಿದೆ. ಅದು ಈಗ ಬೇರೆ ಜೀವಿಯೇ ಅಲ್ಲ, ಆ ಶೈವಲದ ಅಂಗವೇ ಆಗಿಬಿಟ್ಟಿದೆ ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿ ಅದನ್ನು ನೈಟ್ರೋಪ್ಲಾಸ್ಟ್ ಎಂದು ಕರೆದರು.

ಮಲ್ಪೆ, ಸುರತ್ಕಲ್ ಕಡಲಿನಲ್ಲಿ ಬೇಸಿಗೆಯಲ್ಲಿ ತೇಲುವ ಕಂದು ಪುಡಿ ಇದೇನಾ? ರಾತ್ರಿ ಮಿನುಗುವ ನೀಲಿ ಅಲೆ?

ಮಳೆಗಾಲಕ್ಕೆ ಮುಂಚೆ ಅರಬ್ಬೀ ಸಮುದ್ರ ಶಾಂತವಾಗಿ, ಬಿಸಿಲು ಕಟುವಾಗಿರುವಾಗ ಮರ ಕೊಯ್ದ ಪುಡಿಯಂತೆ ಪಟ್ಟಿ ಪಟ್ಟಿಯಾಗಿ ತೇಲುವುದು ಹೆಚ್ಚಾಗಿ ಟ್ರೈಕೊಡೆಸ್ಮಿಯಂ. ನೀರು ಕಲಕದಿದ್ದರೆ ಅದು ತನ್ನ ಗಾಳಿಚೀಲಗಳ ಬಲದಿಂದ ಮೇಲೆ ಬಂದು ಬೆಳಕಿಗೆ ಒಡ್ಡಿಕೊಳ್ಳುತ್ತದೆ.

ರಾತ್ರಿಯ ನೀಲಿ ಮಿನುಗು ಬೇರೆ. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ. ಸೈನೋಬ್ಯಾಕ್ಟೀರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಾಳಿಯ ಸಾರಜನಕ ಹಿಡಿಯಲಾರದ ಜಾತಿಗಳಿಗೂ ಬೆಳಕು ಇಷ್ಟೇ ಮುಖ್ಯವೇ?

ಹೌದು. ಸಿನೆಕೊಸಿಸ್ಟಿಸ್, ಸಿನೆಕೊಕಾಕಸ್ ಮೊದಲಾದ, ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ತಳಿಗಳು ನೀರಿನ ನೈಟ್ರೇಟ್ ಬಳಸುತ್ತವೆ. ನೈಟ್ರೇಟನ್ನು ನೈಟ್ರೈಟ್ ಮಾಡಲು 2 ಎಲೆಕ್ಟ್ರಾನ್, ನೈಟ್ರೈಟನ್ನು ಅಮೋನಿಯ ಮಾಡಲು ಇನ್ನೂ 6. ಈ ಎಂಟನ್ನೂ ಕೊಡುವುದು ಫೆರಿಡಾಕ್ಸಿನ್. ಅದಕ್ಕೆ ಎಲೆಕ್ಟ್ರಾನ್ ತುಂಬುವುದು ಬೆಳಕಿನಲ್ಲಿ ನಡೆಯುವ ಫೋಟೋಸಿಸ್ಟಮ್-1. ಹಾಗಾಗಿ ದೀಪ ಆರಿಸಿದರೆ ನೈಟ್ರೇಟ್ ಒಳಗೆಳೆಯುವುದೂ ಬೇಗನೆ ಕುಸಿಯುತ್ತದೆ. ಬೆಳಕು ಅತಿಯಾದಾಗ ಇದೇ ದಾರಿ ಹೆಚ್ಚುವರಿ ಎಲೆಕ್ಟ್ರಾನ್‌ಗಳನ್ನು ಇಳಿಸಿಕೊಳ್ಳುವ ಉಪಾಯವೂ ಆಗುತ್ತದೆ.

ಅಮೋನಿಯ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಗ್ಲುಟಮಿನ್ ಸಿಂಥಟೇಸ್ ಎಟಿಪಿ ಖರ್ಚು ಮಾಡಿ ಅದನ್ನು ಗ್ಲುಟಮೇಟಿಗೆ ಸೇರಿಸಿ ಗ್ಲುಟಮಿನ್ ಮಾಡುತ್ತದೆ. ಆಮೇಲೆ ಗೊಗಾಟ್ ಎಂಬ ಕಿಣ್ವ, ಫೆರಿಡಾಕ್ಸಿನ್ ನೆರವಿನಿಂದ, ಗ್ಲುಟಮಿನ್ ಮತ್ತು 2-ಆಕ್ಸೊಗ್ಲುಟರೇಟ್ ಕೂಡಿಸಿ ಎರಡು ಗ್ಲುಟಮೇಟ್ ಕೊಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಬೆಳಕಿನ ಋಣವಿದೆ. 2-ಆಕ್ಸೊಗ್ಲುಟರೇಟ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪ್ರಶ್ನೆ ಪೂರ್ತಿ ಅದರದ್ದೇ.

ಕಣ್ಣಿಲ್ಲದ ಕೋಶಕ್ಕೆ ಬೆಳಕು ಬಂದಿದೆ, ಈಗ ಸಾರಜನಕ ಬೇಕು ಎಂದು ಗೊತ್ತಾಗುವುದು ಹೇಗೆ?

ಬೆಳಕನ್ನೇ ಗುರುತಿಸುವ ಪ್ರೊಟೀನ್‌ಗಳು ಇವುಗಳಲ್ಲಿ ಇವೆ. ಗಿಡಗಳಲ್ಲಿರುವ ಫೈಟೋಕ್ರೋಮ್‌ನ ಬಳಗದವು. ಬೆಳಕಿನ ಕಡೆಗೆ ಸರಿಯಲು, ಬಣ್ಣ ಬದಲಿಸಲು ಇಂಥವು ಬಳಕೆಯಾಗುತ್ತವೆ. ಆದರೆ ಸಾರಜನಕದ ವಿಷಯದಲ್ಲಿ ಕೋಶ ಮುಖ್ಯವಾಗಿ ಬೆಳಕನ್ನು ನೋಡುವುದಿಲ್ಲ, ಬೆಳಕು ತಂದ ಇಂಗಾಲವನ್ನು ಅಳೆಯುತ್ತದೆ.

ಅಳತೆಗೋಲು ಆ 2-ಆಕ್ಸೊಗ್ಲುಟರೇಟ್. ಇದು ಐದು ಇಂಗಾಲದ ಒಂದು ಸಣ್ಣ ಅಣು. ಸೈನೋಬ್ಯಾಕ್ಟೀರಿಯಾದಲ್ಲಿ ಇದರ ಮುಖ್ಯ ಉಪಯೋಗ ಅಮೋನಿಯವನ್ನು ಹೊತ್ತುಕೊಳ್ಳುವುದು. ಬೆಳಕು ಚೆನ್ನಾಗಿದ್ದು ಇಂಗಾಲ ಬೇಕಾದಷ್ಟು ಬಂದು, ಸಾರಜನಕ ಮಾತ್ರ ಸಾಲದಿದ್ದರೆ ಇದು ಕೋಶದಲ್ಲಿ ಹೆಚ್ಚಾಗುತ್ತದೆ. ಪಂಕ್ತಿಯಲ್ಲಿ ಎಲೆ ಹಾಕಿ ಆಗಿದೆ, ಅನ್ನ ಬಂದಿಲ್ಲ. ಖಾಲಿ ಎಲೆ ಎಷ್ಟಿವೆ ಎಂದು ನೋಡಿದರೆ ಎಷ್ಟು ಅನ್ನ ಬೇಕು ಎಂದು ಬಡಿಸುವವರಿಗೆ ತಿಳಿಯುತ್ತದಲ್ಲ, ಹಾಗೆ.

ಈ ಅಣುವನ್ನು ಗುರುತಿಸುವ ಪ್ರೊಟೀನ್‌ಗಳು ಮುಖ್ಯವಾಗಿ ಎರಡು. ಒಂದು ಎನ್‌ಟಿಸಿಎ. ಇದು ಡಿಎನ್‌ಎಗೆ ಅಂಟಿ ಜೀನುಗಳನ್ನು ನಡೆಸುವ ಪ್ರೊಟೀನ್. 2-ಆಕ್ಸೊಗ್ಲುಟರೇಟ್ ಬಂದು ಕೂತರೆ ಇದರ ಹಿಡಿತ ಬಲವಾಗುತ್ತದೆ. ನೈಟ್ರೇಟ್ ಒಳಗೆಳೆಯುವ, ಅದನ್ನು ಅಮೋನಿಯ ಮಾಡುವ, ಗ್ಲುಟಮಿನ್ ತಯಾರಿಸುವ ಜೀನುಗಳು ಚುರುಕಾಗುತ್ತವೆ. ಅನಬೀನದಲ್ಲಿ ಹೆಟರೋಸಿಸ್ಟ್ ಆಗುವ ಕೆಲಸವೂ ಇಲ್ಲಿಂದಲೇ ಶುರು, ಎಚ್‌ಇಟಿಆರ್ ಎಂಬ ಇನ್ನೊಂದು ಪ್ರೊಟೀನಿನ ಮೂಲಕ. ಇದಕ್ಕೆ ಒಂದು ಸೊಗಸಾದ ಸಾಕ್ಷಿ 2005ರಲ್ಲಿ ಸಿಕ್ಕಿತು. 2-ಆಕ್ಸೊಗ್ಲುಟರೇಟಿನಂತೆಯೇ ಇರುವ, ಆದರೆ ಕೋಶ ಬಳಸಿ ಮುಗಿಸಲಾರದ ಒಂದು ಅಣುವನ್ನು ಅನಬೀನದೊಳಗೆ ಸೇರಿಸಿದಾಗ, ನೀರಿನಲ್ಲಿ ಅಮೋನಿಯ ಇದ್ದರೂ ಹೆಟರೋಸಿಸ್ಟ್‌ಗಳು ಹುಟ್ಟಿದವು. ಕೋಶ ಅಮೋನಿಯವನ್ನು ನೇರವಾಗಿ ನೋಡದೆ ಈ ಅಣುವನ್ನು ನಂಬುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಎರಡನೆಯದು ಪಿ-2 ಪ್ರೊಟೀನ್. ಇದು 2-ಆಕ್ಸೊಗ್ಲುಟರೇಟಿನ ಜೊತೆಗೆ ಎಟಿಪಿಯನ್ನೂ ಅದು ಖರ್ಚಾದಾಗ ಉಳಿಯುವ ಎಡಿಪಿಯನ್ನೂ ಹಿಡಿಯಬಲ್ಲದು. ಅಂದರೆ ಇಂಗಾಲ, ಸಾರಜನಕ, ಶಕ್ತಿ, ಮೂರರ ಸ್ಥಿತಿಯೂ ಇದಕ್ಕೆ ತಿಳಿಯುತ್ತದೆ. ಸಾರಜನಕ ಧಾರಾಳವಿದ್ದು 2-ಆಕ್ಸೊಗ್ಲುಟರೇಟ್ ಕಡಿಮೆಯಿದ್ದರೆ ಪಿ-2 ಪಿಪ್‌ಎಕ್ಸ್ ಎಂಬ ಚಿಕ್ಕ ಪ್ರೊಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. 2-ಆಕ್ಸೊಗ್ಲುಟರೇಟ್ ಏರಿದರೆ ಪಿಪ್‌ಎಕ್ಸ್‌ನ್ನು ಬಿಟ್ಟುಬಿಡುತ್ತದೆ; ಅದು ಹೋಗಿ ಎನ್‌ಟಿಸಿಎಗೆ ಕೈಜೋಡಿಸುತ್ತದೆ. ಅಮೋನಿಯ ಸೇರಿಸಿದ ಕೂಡಲೇ ನೈಟ್ರೇಟ್ ಸಾಗಣೆ ನಿಲ್ಲುವುದಕ್ಕೂ ಪಿ-2 ಕಾರಣ. ಪಿ-2 ಇಲ್ಲದ ತಳಿಯಲ್ಲಿ ಅದು ನಿಲ್ಲುವುದೇ ಇಲ್ಲ.

ಜೀನುಗಳನ್ನು ಕಾಯುತ್ತಾ ಕೂರದೆ, ಇದ್ದ ಕಿಣ್ವವನ್ನೇ ತಡೆಯುವ ದಾರಿಯೂ ಇದೆ. ಸಿನೆಕೊಸಿಸ್ಟಿಸ್‌ನಲ್ಲಿ ಐಎಫ್-7, ಐಎಫ್-17 ಎಂಬ ಎರಡು ಪ್ರೊಟೀನ್‌ಗಳು ಗ್ಲುಟಮಿನ್ ಸಿಂಥಟೇಸಿಗೆ ಅಂಟಿ ಅದನ್ನು ನಿಷ್ಕ್ರಿಯ ಮಾಡುತ್ತವೆ. ಎನ್‌ಟಿಸಿಎ ಬಲವಾಗಿರುವಾಗ ಇವುಗಳ ತಯಾರಿಯೇ ತಡೆಯಲ್ಪಡುತ್ತದೆ. ಅಮೋನಿಯ ತುಂಬಿದಾಗ ಇವು ಬರುತ್ತವೆ.

ಹಾಗಾದರೆ ದಿನದ ಹೊತ್ತು ತಿಳಿಯುವ ಗಡಿಯಾರ ಯಾಕೆ?

ಬೆಳಕು ಬಂದ ಮೇಲೆ ಪ್ರತಿಕ್ರಿಯಿಸುವುದು ಒಂದು, ಬರುವ ಮುಂಚೆಯೇ ಸಿದ್ಧವಾಗುವುದು ಇನ್ನೊಂದು. ಬ್ಯಾಕ್ಟೀರಿಯಾದಷ್ಟು ಸರಳ ಜೀವಿಗೆ ದಿನಗಡಿಯಾರ ಇರಲಾರದು ಎಂದು ಬಹಳ ಕಾಲ ನಂಬಲಾಗಿತ್ತು. ತೈವಾನಿನಲ್ಲಿ ಭತ್ತದ ಗದ್ದೆಯಿಂದ ಪಡೆದ, ಸಾರಜನಕ ಹಿಡಿಯಬಲ್ಲ ಬೇರೊಂದು ತಳಿ ಸಿನೆಕೊಕಾಕಸ್ ಆರ್‌ಎಫ್-1 ಆ ನಂಬಿಕೆಯನ್ನು ಅಲುಗಾಡಿಸಿತು. 12 ಗಂಟೆ ಬೆಳಕು, 12 ಗಂಟೆ ಕತ್ತಲೆಗೆ ಒಗ್ಗಿಸಿ ಆಮೇಲೆ ಸತತ ಬೆಳಕಿನಲ್ಲಿಟ್ಟರೂ ಅದು ರಾತ್ರಿಯಾಗಬೇಕಿದ್ದ ಹೊತ್ತಿಗೇ ಸಾರಜನಕ ಹಿಡಿಯುತ್ತಿತ್ತು. 1986ರಲ್ಲಿ ಇದು ಪ್ರಕಟವಾಯಿತು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದು ಸಿನೆಕೊಕಾಕಸ್ ತಳಿಯಲ್ಲಿ ಕೈಎ, ಕೈಬಿ, ಕೈಸಿ ಎಂಬ ಗಡಿಯಾರದ ಜೀನುಗಳನ್ನು ವಿವರಿಸಿದರು. 2005ರಲ್ಲಿ ಆ ಮೂರು ಪ್ರೊಟೀನ್‌ಗಳನ್ನು ಎಟಿಪಿ ಜೊತೆ ಪ್ರನಾಳದಲ್ಲಿ ಬೆರೆಸಿದಾಗ, ಕೋಶವೇ ಇಲ್ಲದೆ, ಸುಮಾರು 24 ಗಂಟೆಯ ಲಯ ಕಾಣಿಸಿತು.

ಗದ್ದೆಯ ಜೀವಿಯೊಂದರಿಂದ ಇಷ್ಟು ದೊಡ್ಡ ವಿಷಯ ತೆರೆದುಕೊಂಡಿತು ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ.

ಸಾರಜನಕ ಸಿಗದಾಗ ನೀಲಿ-ಹಸಿರು ಬಣ್ಣ ಮಾಸಿ ಹಳದಿಯಾಗುವುದು ಯಾಕೆ?

ಬೆಳಕು ಹಿಡಿಯಲು ಇವುಗಳಿಗೆ ಫೈಕೊಬಿಲಿಸೋಮ್ ಎಂಬ ದೊಡ್ಡ ಪ್ರೊಟೀನ್ ಗೊಂಚಲುಗಳಿವೆ. ನೀಲಿ ಬಣ್ಣ ಅದರ ಫೈಕೊಸಯನಿನ್‌ನದ್ದು. ಕೋಶದಲ್ಲಿ ಕರಗಿರುವ ಪ್ರೊಟೀನಿನ ಅರ್ಧದವರೆಗೂ ಇದೇ ಇರಬಹುದು, ಅಂದರೆ ಸಾರಜನಕದ ದೊಡ್ಡ ಸಂಗ್ರಹವೂ ಇದೇ. ಕೊರತೆ ಬಂದಾಗ ಎನ್‌ಬಿಎಲ್‌ಎ ಎಂಬ ಸಣ್ಣ ಪ್ರೊಟೀನ್ ಹುಟ್ಟಿ ಈ ಗೊಂಚಲುಗಳನ್ನು ಒಡೆಸುತ್ತದೆ. ಎರಡು ಲಾಭ: ಅಮೈನೋ ಆಮ್ಲ ಸಿಗುತ್ತದೆ, ಬಳಸಲಾರದ ಬೆಳಕನ್ನು ಹಿಡಿದು ಕೋಶ ಸುಟ್ಟುಕೊಳ್ಳುವುದೂ ತಪ್ಪುತ್ತದೆ. ಸಾರಜನಕ ಮತ್ತೆ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಬಣ್ಣ ಮರಳುತ್ತದೆ. ಬೆಳಕು ಸಾರಜನಕವನ್ನು ಆಳುವಂತೆಯೇ ಸಾರಜನಕವೂ ಬೆಳಕು ಹಿಡಿಯುವ ಶಕ್ತಿಯನ್ನು ಆಳುತ್ತದೆ.

ಆಟಿಯ ಮೋಡ ಕವಿದ ದಿನಗಳಲ್ಲಿ, ಏಣೆಲಿನ (ಮಳೆಗಾಲದ ಬೆಳೆಯ) ಗದ್ದೆಯಲ್ಲಿ ಇದು ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಆದರೆ ಕಡಿಮೆ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಹಗಲಿನ ಉದ್ದ ವರ್ಷವಿಡೀ ಹನ್ನೊಂದೂಕಾಲರಿಂದ ಹದಿಮೂರು ಗಂಟೆಯೊಳಗೆ ಇರುತ್ತದೆ. ಹಾಗಾಗಿ ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಹಗಲಿನ ಉದ್ದವಲ್ಲ, ಮೋಡ ಮತ್ತು ನೆರಳು. ಜುಲೈ-ಆಗಸ್ಟ್‌ನಲ್ಲಿ ಹಗಲು ಉದ್ದವಿದ್ದರೂ ಬೆಳಕು ಮಂಕು. ಸಕ್ಕರೆ ಕಡಿಮೆ ಹುಟ್ಟುತ್ತದೆ, 2-ಆಕ್ಸೊಗ್ಲುಟರೇಟ್ ಏರುವುದಿಲ್ಲ, ಹೆಟರೋಸಿಸ್ಟಿಗೆ ಎಟಿಪಿಯೂ ಸಾಲದು. ಮೇಲಾಗಿ ಧಾರಾಕಾರ ಮಳೆಗೆ ಬದು ಮೀರಿ ಹರಿಯುವ ನೀರಿನ ಜೊತೆ ಪಾಚಿಯೂ ಹೋಗುತ್ತದೆ.

ಇನ್ನೊಂದು ನೆರಳು ಪೈರಿನದ್ದೇ. ನೇಜಿ (ಭತ್ತದ ಸಸಿ) ನೆಟ್ಟ ಮೊದಲ ವಾರಗಳಲ್ಲಿ ನೀರಿಗೆ ಬೆಳಕು ಧಾರಾಳ. ಪೈರು ದಟ್ಟವಾದ ಮೇಲೆ ನೀರಿನ ಮೇಲ್ಮೈಗೆ ತಲುಪುವುದು ಮೇಲಿನ ಬೆಳಕಿನ ಸಣ್ಣ ಪಾಲು, ಅದರಲ್ಲೂ ಎಲೆಗಳು ಬಿಟ್ಟುಕೊಟ್ಟ ಹಸಿರು ಬೆಳಕೇ ಹೆಚ್ಚು. ಕೆಂಪು ವರ್ಣದ ಫೈಕೊಎರಿಥ್ರಿನ್ ಇರುವ ಜಾತಿಗಳು ಹಸಿರು ಬೆಳಕನ್ನು ಹಿಡಿಯಬಲ್ಲವು. ಟಾಲಿಪೊಥ್ರಿಕ್ಸ್ ಬೆಳಕಿನ ಬಣ್ಣ ನೋಡಿ ತನ್ನ ವರ್ಣವನ್ನೇ ಬದಲಿಸಿಕೊಳ್ಳುತ್ತದೆ. ಇಂಥವು ಮಿಶ್ರಣದಲ್ಲಿದ್ದರೆ ಒಳ್ಳೆಯದು. ತೆಳು ನೀರಿನ ಮೇಲೆ ಕಟು ಬಿಸಿಲು ಬಿದ್ದರೂ ತೊಂದರೆ, ಫೋಟೋಸಿಸ್ಟಮ್‌ಗಳು ಕೆಡುತ್ತವೆ.

ಈ ಎಲ್ಲ ಕಾರಣಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ: ಕರಾವಳಿಯಲ್ಲಿ ಈ ಜೈವಿಕ ಗೊಬ್ಬರವನ್ನು ಏಣೆಲಿಗಿಂತ ಸುಗ್ಗಿಗೆ (ಎರಡನೆಯ ಬೆಳೆ), ನೀರಿನ ಅನುಕೂಲವಿರುವ ಬೈಲಿನಲ್ಲಿ ಕೊಳಕೆಗೆ (ಬೇಸಿಗೆಯ ಮೂರನೆಯ ಬೆಳೆ) ಬಳಸುವುದೇ ಸರಿ. ಬೆಟ್ಟುಗದ್ದೆಯಲ್ಲಿ ನೀರು ನಿಲ್ಲದಿದ್ದರೆ ಹಣ ಖರ್ಚು ಮಾಡಬೇಡಿ.

ಎಷ್ಟು ಹಾಕಬೇಕು? ಯೂರಿಯಾ ಬಿಡಬಹುದೇ?

ರೂಢಿಯ ಶಿಫಾರಸು ಹೆಕ್ಟೇರಿಗೆ 10 ಕೆ.ಜಿ. ಒಣಪುಡಿ, ಎಕರೆಗೆ 4 ಕೆ.ಜಿ.; ನೇಜಿ ನೆಟ್ಟು ಒಂದು ವಾರವಾದ ಮೇಲೆ ನಿಂತ ನೀರಿಗೆ ಎರಚುವುದು. ಅನುಕೂಲ ಪರಿಸ್ಥಿತಿಯಲ್ಲಿ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕೆ.ಜಿ. ಸಾರಜನಕ ಸಿಗಬಹುದು ಎನ್ನುತ್ತಾರೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಆದ್ದರಿಂದ ಎಕರೆಗೆ ಸರಿಸುಮಾರು 17ರಿಂದ 26 ಕೆ.ಜಿ. ಯೂರಿಯಾಕ್ಕೆ ಸಮ, ಅಂದರೆ 45 ಕೆ.ಜಿ. ಚೀಲದ ಅರ್ಧದ ಆಸುಪಾಸು. ಪೂರ್ತಿ ಯೂರಿಯಾ ಬಿಡಿ ಎಂದು ನಾನು ಹೇಳುವುದಿಲ್ಲ.

ನೀರಿನ ಮೇಲೆಯೇ ಯೂರಿಯಾ ಎರಚಿದರೆ ಅದು ಅಮೋನಿಯ ಆಗಿ, ಪಾಚಿಗೆ ಸಾರಜನಕ ಹಿಡಿಯುವ ಅಗತ್ಯವೇ ಇಲ್ಲದಂತೆ ಮಾಡುತ್ತದೆ. ಮೇಲೆ ಹೇಳಿದ ಎನ್‌ಟಿಸಿಎ ಸಡಿಲಾಗುತ್ತದೆ, ಹೊಸ ಹೆಟರೋಸಿಸ್ಟ್ ಹುಟ್ಟುವುದಿಲ್ಲ. ಯೂರಿಯಾವನ್ನು ಮಣ್ಣಿನೊಳಗೆ ಆಳಕ್ಕೆ ಸೇರಿಸಿದರೆ ಬೇರಿಗೂ ಸಿಗುತ್ತದೆ, ನೀರಿನ ಪಾಚಿಗೂ ಅಡ್ಡಿಯಾಗುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಸಮಸ್ಯೆ ಹುಳಿಮಣ್ಣು. ಮುರಕಲ್ಲಿನಿಂದಾದ (ಜಂಬಿಟ್ಟಿಗೆ) ಮಣ್ಣಿನಲ್ಲಿ ಆಮ್ಲತೆ ಹೆಚ್ಚು, ರಂಜಕ ಗಿಡಕ್ಕೆ ದಕ್ಕುವುದು ಕಡಿಮೆ. ಈ ಜೀವಿಗಳಿಗೆ ಬೇಕಾದದ್ದು ತಟಸ್ಥ ಅಥವಾ ತುಸು ಕ್ಷಾರ ಮಣ್ಣು, ಜೊತೆಗೆ ರಂಜಕ. ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣ ಹಾಕದೆ ಪಾಚಿಯ ಪುಡಿ ಹಾಕಿದರೆ ಫಲ ಕಾಣದು. ಬಸವನಹುಳು ಮತ್ತು ಸಣ್ಣ ಜಲಜೀವಿಗಳು ಪಾಚಿಯನ್ನು ಮೇಯುತ್ತವೆ. ಬೇವಿನ ಹಿಂಡಿ ಇದಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ನಿಮ್ಮ ಗದ್ದೆಗೆ ಸರಿಯಾದ ಪ್ರಮಾಣಕ್ಕೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ.

ದನಗಳಿಗೆ ಅಜೋಲ ಬೆಳೆಸುತ್ತಿದ್ದೇವೆ. ಅದಕ್ಕೆ ಬಿಸಿಲು ಎಷ್ಟು ಬೇಕು?

ಅಜೋಲ ನೀರಿನಲ್ಲಿ ತೇಲುವ ಸಣ್ಣ ಜರಿಗಿಡ. ಅದರ ಎಲೆಯ ಪೊಟರೆಯಲ್ಲಿ ಅನಬೀನದ ಬಳಗದ ಜೀವಿ ವಾಸವಾಗಿದೆ. ಆ ಜೀವಿಯ ನೂರು ಕೋಶಗಳಲ್ಲಿ 20ರಿಂದ 30ರವರೆಗೆ ಹೆಟರೋಸಿಸ್ಟ್ ಇರಬಹುದು, ಸ್ವತಂತ್ರವಾಗಿ ಬದುಕುವ ಅನಬೀನಕ್ಕಿಂತ ಎಷ್ಟೋ ಹೆಚ್ಚು. ಸಕ್ಕರೆಯನ್ನು ಜರಿಗಿಡವೇ ಒದಗಿಸುವುದರಿಂದ ಇದು ಸಾಧ್ಯ. ಕಟು ಬಿಸಿಲಿಗೆ ಅಜೋಲ ಕೆಂಪಾಗುತ್ತದೆ. ತೆಂಗಿನ ಮರದ ಅರೆನೆರಳು ಸಾಕು.

ಕಾಂಪೌಂಡ್ ಗೋಡೆಯ ಮುರಕಲ್ಲು ಕಪ್ಪಾಗುವುದೂ ಇದರಿಂದಲೇ?

ಬಹುಪಾಲು ಹೌದು. ಸೈಟೋನೀಮ, ನಾಸ್ಟಾಕ್ ಮೊದಲಾದವು ಮುರಕಲ್ಲು, ಹಂಚುಗಳ ಮೇಲೆ ಬೆಳೆಯುತ್ತವೆ. ಕಪ್ಪು-ಕಂದು ಬಣ್ಣಕ್ಕೆ ಕಾರಣ ಸೈಟೋನೆಮಿನ್ ಎಂಬ ವರ್ಣದ್ರವ್ಯ. ನೇರಳಾತೀತ ಕಿರಣವನ್ನು ಹೀರಿ ಒಳಗಿನ ಕೋಶವನ್ನು ಅದು ಕಾಪಾಡುತ್ತದೆ. ಬೇಸಿಗೆಯಿಡೀ ಒಣಗಿ ಮಲಗಿದ್ದು, ಮೊದಲ ಮಳೆಗೆ ಎಚ್ಚತ್ತು ಹಂತಹಂತವಾಗಿ ಉಸಿರಾಟ, ದ್ಯುತಿಸಂಶ್ಲೇಷಣೆ, ಆಮೇಲೆ ಸಾರಜನಕ ಹಿಡಿಯುವುದನ್ನು ಶುರುಮಾಡುತ್ತದೆ.

ಕೆರೆಯ ಹಸಿರುಗಟ್ಟಿದ ನೀರನ್ನು ಗೊಬ್ಬರವೆಂದು ಬಳಸಬಹುದೇ?

ಬೇಡ. ಬಣ್ಣ ಬಳಿದಂತೆ ಹಸಿರುಗಟ್ಟಿದ ಕೆರೆಯಲ್ಲಿ ಮೈಕ್ರೊಸಿಸ್ಟಿಸ್ ಇರುವ ಸಾಧ್ಯತೆ ಹೆಚ್ಚು. ಇದು ಸಾರಜನಕ ಹಿಡಿಯುವುದಿಲ್ಲ; ನೀರಿಗೆ ಸೇರಿದ ಕೊಳಚೆಯ ಸಾರಜನಕ, ರಂಜಕ ತಿಂದು ಬೆಳೆಯುತ್ತದೆ. ಕೆಲವು ತಳಿಗಳು ಮಾಡುವ ಮೈಕ್ರೊಸಿಸ್ಟಿನ್ ಎಂಬ ವಿಷ ಪಿತ್ತಜನಕಾಂಗಕ್ಕೆ ಹಾನಿಕರ, ಕುದಿಸಿದರೂ ಹೋಗುವುದಿಲ್ಲ. ದನಗಳಿಗೂ ಕುಡಿಸಬೇಡಿ.

ಕಾಲೇಜಿನಲ್ಲಿ, ದುಬಾರಿ ಉಪಕರಣವಿಲ್ಲದೆ, ಇದನ್ನು ತೋರಿಸಲು ಆಗುತ್ತದೆಯೇ?

ಸಾರಜನಕ ಹಿಡಿಯುವ ವೇಗ ಅಳೆಯಲು ಅಸಿಟಿಲೀನ್ ಕೊಟ್ಟು ಎಥಿಲೀನ್ ಎಷ್ಟು ಬಂತು ಎಂದು ನೋಡುವ ವಿಧಾನವಿದೆ. ಅದಕ್ಕೆ ಗ್ಯಾಸ್ ಕ್ರೊಮೆಟೊಗ್ರಾಫ್ ಬೇಕು. ಆದರೆ ಹೆಟರೋಸಿಸ್ಟ್ ಎಣಿಸಲು ಸೂಕ್ಷ್ಮದರ್ಶಕ ಸಾಕು. ಅಜೋಲದ ಎಲೆಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಅರೆದು 40 ಪಟ್ಟಿನ ಮಸೂರದಲ್ಲಿ ನೋಡಿ. ದಪ್ಪ ಗೋಡೆ, ತಿಳಿ ಬಣ್ಣ, ತುದಿಯಲ್ಲಿ ಹೊಳೆಯುವ ಚುಕ್ಕೆ ಇರುವುದೇ ಹೆಟರೋಸಿಸ್ಟ್. ಆ ಚುಕ್ಕೆ ಸೈನೋಫೈಸಿನ್ ಎಂಬ ಸಾರಜನಕದ ಸಂಗ್ರಹ.

ಮುಂದಿನ ಹೆಜ್ಜೆಗೆ ಗದ್ದೆಯಿಂದ ತಂದ ನಾಸ್ಟಾಕ್ ಅಥವಾ ಅನಬೀನವನ್ನು ಬಿಜಿ-11 ದ್ರಾವಣದಲ್ಲಿ ಬೆಳೆಸಿ. ಇದರಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ. ಅದನ್ನು ಬಿಟ್ಟು ಇನ್ನೊಂದು ದ್ರಾವಣ ತಯಾರಿಸಿ; ಕೋಬಾಲ್ಟ್ ನೈಟ್ರೇಟ್ ಬದಲು ಕೋಬಾಲ್ಟ್ ಕ್ಲೋರೈಡ್ ಹಾಕಿ. ನೈಟ್ರೇಟ್‌ನಲ್ಲಿ ಬೆಳೆದ ಪಾಚಿಯನ್ನು ತೊಳೆದು ನೈಟ್ರೇಟ್ ಇಲ್ಲದ ಎರಡು ಬಾಟಲಿಗಳಿಗೆ ಹಾಕಿ, ಒಂದನ್ನು ಕಿಟಕಿಯ ಬಳಿ ನೇರ ಬಿಸಿಲು ತಾಗದಲ್ಲಿ, ಇನ್ನೊಂದನ್ನು ಕಪ್ಪು ಬಟ್ಟೆ ಸುತ್ತಿ ಇಡಿ. ಎರಡು ದಿನಗಳ ಮೇಲೆ ಎರಡರಲ್ಲೂ ನೂರು ನೂರು ಕೋಶ ಎಣಿಸಿ. ಬೆಳಕಿನ ಬಾಟಲಿಯಲ್ಲಿ ಹೊಸ ಹೆಟರೋಸಿಸ್ಟ್ ಕಾಣಬೇಕು, ಕತ್ತಲಿನದ್ದರಲ್ಲಿ ಅಷ್ಟು ಕಾಣಬಾರದು. ಒಂದು ಎಚ್ಚರಿಕೆ: ಗದ್ದೆಯಿಂದ ಬರುವಾಗಲೇ ಇದ್ದ ಹಳೆಯ ಹೆಟರೋಸಿಸ್ಟ್ ನೈಟ್ರೇಟ್ ಕೊಟ್ಟ ಮಾತ್ರಕ್ಕೆ ಮಾಯವಾಗುವುದಿಲ್ಲ. ಮಾಮೂಲಿ ಕೋಶಗಳು ವಿಭಜನೆಯಾಗಿ ಹೆಚ್ಚಿದ ಮೇಲಷ್ಟೇ ಅವುಗಳ ಪ್ರಮಾಣ ಇಳಿಯುತ್ತದೆ. ಆದ್ದರಿಂದ ಪ್ರಯೋಗಕ್ಕೆ ಮುಂಚೆ ನೈಟ್ರೇಟ್ ದ್ರಾವಣದಲ್ಲಿ ಎರಡು ಮೂರು ಸಲ ಹೊಸದಾಗಿ ಬದಲಿಸಿ ಬೆಳೆಸಿ, ಶುರುವಿನ ಎಣಿಕೆಯನ್ನೂ ಬರೆದಿಟ್ಟುಕೊಳ್ಳಿ.